ಇನ್ನೊಂದೀಟು ಬೆಳಕ ಏರಸ್ರಿ

ನನಗೆ ಸಿಟ್ಟು ತಾನಾಗಿ ಬರುವುದಿಲ್ಲ. ಜನ ಮನೆಯಿಂದ ಗಂಟು ಕಟ್ಟಿಕೊಂಡು ಬಂದು ನನ್ನ ಅಂಗಡಿಯಲ್ಲಿ ಬಿಚ್ಚುತ್ತಾರೆ. ಮರಾಠಿ ಗಡಿಯ ಜತ್ತ ಪೇಟೆಯಲ್ಲಿ ಕಂಪ್ಯೂಟರ್ ಚಿತ್ರ ಮಾಡುವ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ "ಚಲೋ ಆಗೇತಿ" ಎಂದು ಒಂದೇ ಮಾತಿಗೆ ಚಿತ್ರ ಒಪ್ಪಿಕೊಂಡು ಹೋದವರು ಇಬ್ಬರು. ಒಬ್ಬರಿಗೆ ಬಸ್ಸು ತಪ್ಪುವುದರಲ್ಲಿತ್ತು. ಇನ್ನೊಬ್ಬರು ಬೇರೆ ಯಾರದೋ ಚಿತ್ರ ಒಯ್ದಿದ್ದರು. ಉಳಿದವರದೆಲ್ಲ ಒಂದೇ ಮಂತ್ರ: "ಅಕ್ಕಾರ, ಇನ್ನೊಂದೀಟು ಬೆಳಕ ಏರಸ್ರಿ."

ನನ್ನದು ಫೋಟೋ ತೆಗೆಯುವ ಕೆಲಸವಲ್ಲ. ವಸ್ತುವನ್ನು ಕಂಪ್ಯೂಟರಿನೊಳಗೆ ಕಟ್ಟಿ, ಸುತ್ತ ತಿರುಗಿಸಿ ತೋರಿಸುವ ಕೆಲಸ. ಮೊದಲು ಆಕಾರ ಮಾಡಬೇಕು. ಅದು ಬರೀ ಬೋಳು. ಆಮೇಲೆ ಕಲ್ಲೋ, ಬಟ್ಟೆಯೋ, ಕೂದಲೋ, ಅದರ ಮೇಲ್ಮೈಯ ಚಿತ್ರ ತೆಗೆದು ಆ ಆಕಾರಕ್ಕೆ ಚರ್ಮದ ಹಾಗೆ ಎಳೆದು ಹೊದಿಸಬೇಕು. ಇದಕ್ಕೆ ಟೆಕ್ಸ್ಚರ್ ಅನ್ನುತ್ತಾರೆ. ಕೊನೆಗೆ ದೀಪ ಇಡಬೇಕು. ಪರದೆಯ ಒಂದೊಂದು ಚುಕ್ಕೆ ಎಷ್ಟು ಬೆಳಗಬೇಕು ಅನ್ನುವುದು ಒಂದು ಗುಣಾಕಾರ: ಚುಕ್ಕೆಯ ಸ್ವಂತ ಬಣ್ಣ ಎಷ್ಟು, ಅದರ ಮೇಲೆ ಬಿದ್ದ ಬೆಳಕು ಎಷ್ಟು. ಕಡಿಮೆ ಅಂದರೆ ಸೊನ್ನೆ, ಹೆಚ್ಚು ಅಂದರೆ ಇನ್ನೂರ ಐವತ್ತೈದು. ಅದರಾಚೆ ಪರದೆಗೆ ದಾರಿಯೇ ಇಲ್ಲ. ಇದನ್ನು ಹೇಳಿದರೆ ಗಿರಾಕಿಗಳು ಪೂರ್ತಿ ಕೇಳುತ್ತಾರೆ, ತಲೆ ಆಡಿಸುತ್ತಾರೆ, ನಾನು ತರಿಸಿದ ಚಹಾ ಕುಡಿಯುತ್ತಾರೆ. ಆಮೇಲೆ "ಅದೆಲ್ಲಾ ಖರೇನ ಅಕ್ಕಾರ, ಒಂದೀಟು ಬೆಳಕ ಏರಸ್ರಿ" ಅನ್ನುತ್ತಾರೆ.

ಕಳೆದ ಚಳಿಗಾಲದ ಹದಿನೆಂಟು ದಿನಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಆ ಹದಿನೆಂಟು ದಿನಗಳ ಮೇಲೆ ನಮ್ಮ ಕಾಕಾನ ಬದುಕು ನಿಂತಿತ್ತು. ಅದಕ್ಕೇ ಆಗಿನ ಸಿಟ್ಟು ಇನ್ನೂ ಇಳಿದಿಲ್ಲ.

ಕಾಕಾನ ಕಂಬಳಿ

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಸೊರಡಿಯಲ್ಲಿ ಇರುತ್ತಾನೆ. ನೆಲದಲ್ಲಿ ಕುಣಿ ತೋಡಿ ಹಾಕಿದ ಮಗ್ಗದ ಮೇಲೆ ಕಂಬಳಿ ನೇಯುವುದು ಅವನ ಕೆಲಸ. ಬಣ್ಣ ಹಚ್ಚುವುದಿಲ್ಲ. ಕರಿ ಕುರಿಯ ಉಣ್ಣೆ, ಅವನ ಹೆಂಡತಿ ಕಾಕು ನೂತ ನೂಲು, ಹುಣಸೆ ಬೀಜದ ಗಂಜಿ, ಇಷ್ಟೇ. ಒಂದು ದಿನ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ನನ್ನ ಕೀಬೋರ್ಡಿನ ಮೇಲೆ ಒಗೆದ.

"ಏ ಪೋರಿ, ಇದನ್ನ ನಿನ್ನ ಟಿವ್ಯಾಗ ಹಾಕು."

ನನ್ನ ಕಂಪ್ಯೂಟರಿಗೆ ಅವನು ಟಿವಿ ಅಂತಲೇ ಅನ್ನುವುದು. ತಿದ್ದಿ ತಿದ್ದಿ ಬಿಟ್ಟಿದ್ದೇನೆ.

ವಿಷಯ ಏನೆಂದರೆ, ಪುಣೆಯಲ್ಲಿ ಕೈಮಗ್ಗದ ಸಾಮಾನುಗಳನ್ನು ಇಂಟರ್ನೆಟ್ಟಿನಲ್ಲಿ ಮಾರುವ ಒಬ್ಬ ಬಾಯಿಯವರು, ಅಂದರೆ ಮರಾಠಿ ಹೆಂಗಸು, ಇವನ ಕಂಬಳಿಯ ಸುದ್ದಿ ಕೇಳಿದ್ದರು. ಗಿರಾಕಿಗಳು ಬೆರಳಿನಿಂದ ತಿರುಗಿಸಿ ನೋಡುವಂಥ ಚಿತ್ರ ಬೇಕು, ಅದು ಮನಸ್ಸಿಗೆ ಬಂದರೆ ಇವನದೂ ಓಣಿಯ ಇನ್ನಿಬ್ಬರದೂ ವರ್ಷದ ಕಂಬಳಿಗಳನ್ನೆಲ್ಲ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಬರದಿದ್ದರೆ? ಕಾಕಾನ ಅಳಿಯ ಸಾಂಗಲಿಯಲ್ಲಿ ಇವನಿಗೊಂದು ನೌಕರಿ ನೋಡಿ ಇಟ್ಟಿದ್ದ. ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿಗೆ ಕಾವಲು ಕೂರುವುದು. ಅಮಾವಾಸ್ಯೆಗೆ ಹದಿನೆಂಟು ದಿನವಿತ್ತು, ಅದರೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

"ಕಂಬಳಿ ಮಾಡಾಂವಗ ಥಂಡಿ ಗೋದಾಮದ ಕಾವಲಾ ಕಾಕಾ?" ಅಂದೆ.

"ಹೂಂ. ಇಷ್ಟ ದಿನಾ ನೇಯ್ದದ್ದು ಸಾಕು, ಇನ್ನ ಹೊತ್ಕೊಂಡು ಕುಂದ್ರು ಅಂತಾನ ಅಳ್ಯಾ."

ಮೂರು ದಿನ ಕೂತು ಮಾಡಿದೆ. ಮಂಚದ ಮೇಲೆ ಹರವಿದ ಕಂಬಳಿ. ಒಂದೊಂದು ಎಳೆ ಕಾಣುವಂತೆ ಮೇಲ್ಮೈ ಹೊದಿಸಿದೆ. ಕಳಿಸಿದೆ. ಬಾಯಿಯವರ ಫೋನು ಬಂತು. ಅವರ ಮಾತೆಲ್ಲ ಮರಾಠಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಮಂಚ ಬಹಳ ಚೆನ್ನಾಗಿದೆ. ಆದರೆ ಅದರ ನಡುವೆ ಅಷ್ಟು ದೊಡ್ಡ ತೂತು ಯಾಕೆ ಬಿಟ್ಟಿದ್ದೀರಿ?"

ಅದು ತೂತಲ್ಲ, ಕಂಬಳಿ ಎಂದೆ.

"ಹಾಗಾದರೆ ಬೆಳಕು ಹೆಚ್ಚು ಮಾಡಿ."

ಹೇಗೆ ಮಾಡಲಿ? ಕಾಕಾನ ಕಪ್ಪು ಸೊನ್ನೆಗೆ ಹತ್ತಿರದ ಕಪ್ಪು. ಸೊನ್ನೆಯನ್ನು ಹತ್ತರಿಂದ ಗುಣಿಸಿದರೂ ಸೊನ್ನೆ, ಸಾವಿರದಿಂದ ಗುಣಿಸಿದರೂ ಸೊನ್ನೆ. ಬೆಳಕು ಏರಿಸಿದಷ್ಟೂ ಮಂಚ ಫಳಫಳ ಹೊಳೆಯಿತು, ತಲೆದಿಂಬು ಹೊಳೆಯಿತು, ಕಂಬಳಿ ಮಾತ್ರ ಜಗ್ಗಲಿಲ್ಲ. ಉಳಿದದ್ದು ಒಂದೇ ದಾರಿ: ಗುಣಿಸುವುದು ಬಿಟ್ಟು, ಪ್ರತಿ ಚುಕ್ಕೆಗೂ ಒಂದಿಷ್ಟು ಬೆಳಕನ್ನು ಸುಮ್ಮನೆ ಕೂಡಿಸುವುದು. ಹಾಗೆ ಮಾಡಿದರೆ ಕಪ್ಪು ಬೂದಿಯಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಬಾಯಿಯವರು "ಎಳೆ ಕಾಣುತ್ತವೆ, ಆದರೆ ಇದು ಯಾರೋ ಬಳಸಿ ಬಿಟ್ಟದ್ದಾ?" ಎಂದರು.

ಕಾಕಾನಿಗೆ ತೋರಿಸಿದೆ. ಅವನು ಪರದೆಯ ಹತ್ತಿರ ಬಗ್ಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಕಂಬಳಿ ಕೊಟ್ಟಿದ್ದೆ ಪೋರಿ, ಸುಣ್ಣಾ ಹೊಡಿ ಅಂತ ಯಾವಾಗ ಹೇಳಿದೆ?" ಎಂದ.

ಗುರೂಜಿಯ ಬಿಸಿಲು

ಅಮಾವಾಸ್ಯೆಗೆ ಹನ್ನೆರಡು ದಿನ ಉಳಿದಿದ್ದವು. ನಾನು ಬೂದಿ ಬಣ್ಣದ ಕಂಬಳಿಯ ಮುಂದೆ ತಲೆ ಚಿಟ್ಟು ಹಿಡಿಸಿಕೊಂಡು ಕೂತಿದ್ದಾಗ ಅಸಂಗಿಯ ಕನ್ನಡ ಸಾಲಿ ಗುರೂಜಿ ಬಂದರು. ಹಿಂದೆ ಅವರ ಹೆಂಡತಿ. ಆ ಅಕ್ಕಾರ ಕೈಯಲ್ಲಿ ಒಂದು ಬುಟ್ಟಿ.

ಹಿಂದಿನ ವರ್ಷ ಗುರೂಜಿ ಮನೆ ಕಟ್ಟಿಸುವ ಮೊದಲು ಅದರ ಚಿತ್ರ ಮಾಡಿಸಿದ್ದರು. ಮನೆಯ ಮುಖ ಉತ್ತರಕ್ಕೆ. ಚಳಿಗಾಲದಲ್ಲಿ ಉತ್ತರದ ಗೋಡೆಗೆ ಬಿಸಿಲು ಬೀಳುವುದಿಲ್ಲ, ಆದ್ದರಿಂದ ನಾನು ಮುಂದಿನ ಕಟ್ಟೆಯನ್ನು ನೆರಳಿನಲ್ಲೇ ಇಟ್ಟಿದ್ದೆ. ಗುರೂಜಿ ಒಪ್ಪಲಿಲ್ಲ. "ಮನಿ ಮಾರಿ ಬಾಡೇದ್ರಿ. ಸ್ವಲ್ಪ ಬೆಳಕ ಏರಸ್ರಿ" ಎಂದರು. ದಿಕ್ಕು ವಿವರಿಸಿದೆ. ಭೂಗೋಳ ಕಲಿಸಿದ ಮನುಷ್ಯ, ತಲೆ ಆಡಿಸಿದರು. "ದಿಕ್ಕ ಗೊತ್ತದರಿ ನನಗ. ಆದ್ರೂ ಸ್ವಲ್ಪ ಏರಸ್ರಿ." ಮೂರು ದಿನ ಬಂದು ಕೂತರು. ನಾಲ್ಕನೆಯ ದಿನ ನನಗೆ ರೇಗಿಹೋಗಿ ಸೂರ್ಯನನ್ನೇ ಎತ್ತಿಕೊಂಡು ಹೋಗಿ ಉತ್ತರದಲ್ಲಿ ಇಟ್ಟೆ. ಕಟ್ಟೆಯ ತುಂಬ ಚಿನ್ನದಂಥ ಬಿಸಿಲು ಬಿತ್ತು. ಗುರೂಜಿ ಖುಷಿಯಾಗಿ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಆಗಿನ ಹಳೆಯ ಮನೆಯಲ್ಲಿ ತೂಗುಹಾಕಿದರು. ಅಕ್ಕಾರು ವರ್ಷವಿಡೀ ಆ ಬಿಸಿಲನ್ನು ನೋಡಿದರು. ಹಿಂದಿನ ಅಂಗಳ ಯಾಕೆ ಬೇಕು, ಮುಂದೆಯೇ ಇಷ್ಟು ಬಿಸಿಲಿದೆಯಲ್ಲ ಎಂದು ಹಿತ್ತಲಿನ ಜಾಗದಲ್ಲಿ ಎರಡು ಖೋಲಿ ಹೆಚ್ಚಿಗೆ ಕಟ್ಟಿಸಿದರು.

ಅಕ್ಕಾರು ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಅದರಲ್ಲಿ ಬೂಸ್ಟು ಹಿಡಿದ ಕೆಂಪು ಮೆಣಸಿನಕಾಯಿ.

"ಹದಿನೈದು ದಿನಾ ಕಟ್ಟಿ ಮ್ಯಾಲೆ ಹಾಕೀನ್ರಿ. ಒಂದ ಕಾಯಿ ಒಣಗಿಲ್ಲ. ಎಲ್ಲೇತ್ರಿ ನೀವು ತೋರ್ಸಿದ ಬಿಸಿಲು?"

ನಾನು ಗುರೂಜಿಯ ಕಡೆ ನೋಡಿದೆ. ಗುರೂಜಿ ನನ್ನ ಅಂಗಡಿಯ ಮಾಡಿನ ಕಡೆ ನೋಡುತ್ತಿದ್ದರು. ಅಲ್ಲಿ ಅವರಿಗೆ ಏನು ಕಾಣುತ್ತಿತ್ತೋ ದೇವರಿಗೆ ಗೊತ್ತು, ಬಹಳ ಮನಸ್ಸಿಟ್ಟು ನೋಡುತ್ತಿದ್ದರು.

"ಅಕ್ಕಾರ, ಅದು ನಿಮ್ಮ ಯಜಮಾನ್ರು ಹಟ ಹಿಡದು ಹಾಕ್ಸಿದ ಬಿಸಿಲ್ರಿ. ಚಿತ್ರದಾಗಿನ ಬಿಸಿಲು" ಅಂದೆ.

ಅಕ್ಕಾರು ಒಂದು ಗಳಿಗೆ ಗಂಡನನ್ನು ನೋಡಿದರು, ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಬುಟ್ಟಿಯನ್ನು ನನ್ನ ಕಂಪ್ಯೂಟರಿನ ಕಡೆ ಸರಿಸಿ ಎದ್ದರು.

"ಹಂಗಾದ್ರ ಇವನ್ನೂ ಅದರಾಗs ಒಣಗಿಸಿ ಇಡ್ರಿ. ಸೋಮವಾರ ಬಂದು ಒಯ್ತೀನಿ."

ಚಾಚಾನ ಬಳೆಗಳು

ನನ್ನ ಪಕ್ಕದ್ದು ಬಳೆ ಅಂಗಡಿ. ಅದರ ಚಾಚಾ ಒಳ್ಳೆಯ ಮನುಷ್ಯ. ನಾನು ಗಿರಾಕಿಗಳ ಮೇಲೆ ಕೂಗಾಡುವುದು ಗೋಡೆಯಾಚೆ ಕೇಳಿಸಿದರೆ ಒಂದು ಕಪ್ಪು ಚಹಾ ಕಳಿಸುವವರು. ಆದರೆ ಆ ವಾರ ಅವರೂ ಗಿರಾಕಿಯಾದರು. ಗಾಜಿನ ಬಳೆಗಳು ಗುಂಡಗೆ ತಿರುಗುವ ಚಿತ್ರವೊಂದನ್ನು ಮಾಡಿಕೊಡು, ಹಳ್ಳಿಹಳ್ಳಿಯ ಗಿರಾಕಿಗಳ ಫೋನಿಗೆ ಕಳಿಸುತ್ತೇನೆ ಎಂದಿದ್ದರು. ಮಾಡಿ ಕಳಿಸಿದೆ. ಚಾಚಾ ಅಂಗಡಿಗೆ ಬಂದಿರಲಿಲ್ಲ, ಮನೆಯಿಂದ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದರು: "ಬೇಟಿ, ಅಂಧೇರಾ ಐತಿ. ಚಮಕಿ ಬರವಲ್ದು. ಜರಾ ಬೆಳಕ ಏರ್ಸು."

ಚಾಚಾನ ಮಾತೆಂದು ಏರಿಸಿದೆ. "ಇನ್ನಾ ಅಂಧೇರಾ ಐತಿ ಬೇಟಿ." ಮತ್ತೆ ಏರಿಸಿದೆ. ಹೀಗೆ ಏಳು ಸಲ. ಏಳನೆಯ ಸಲಕ್ಕೆ ಹಸಿರು ಬಳೆ ಯಾವುದು, ಕೆಂಪು ಬಳೆ ಯಾವುದು ನನಗೇ ತಿಳಿಯದಾಯಿತು. ಎಲ್ಲವೂ ಬಿಳಿ ಬೆಂಕಿಯ ಉಂಗುರಗಳು. ಅತ್ತ ಪುಣೆಯ ಬಾಯಿಯವರು ಕಂಬಳಿಯ ಐದನೆಯ ಚಿತ್ರವನ್ನೂ ಬೇಡವೆಂದು ಮರಳಿ ಕಳಿಸಿದ್ದರು. ಕಾಕಾ ದಿನಕ್ಕೆರಡು ಸಲ ಫೋನು ಮಾಡಿ "ಏನಂದ್ರು?" ಎಂದು ಕೇಳುತ್ತಿದ್ದ. ನಾನು ಪುಣೆಯ ಸಿಟ್ಟನ್ನೂ ಹೊತ್ತುಕೊಂಡು, ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ಚಾಚಾನ ಮನೆಗೇ ನಡೆದೆ. ಕಣ್ಣೆದುರು ಕೂರಿಸಿ ತೋರಿಸಿ ಬಿಡೋಣ ಎಂದು.

ಚಾಚಾ ಹೊರಸಿನ ಮೇಲೆ ಕೂತಿದ್ದರು. ಕಣ್ಣಿಗೆ ಕರ್ರಗಿನ ದೊಡ್ಡ ಕನ್ನಡಕ. ಮಗ್ಗುಲಿಂದಲೂ ಬೆಳಕು ನುಸುಳದಂಥದ್ದು.

"ಚಾಚಾ, ಏನಿದು?"

"ಮೋತಿಬಿಂದು, ಕಣ್ಣಿನ ಪೊರಿ, ತೆಗೆಸೀನಿ ಬೇಟಿ. ಡಾಕ್ಟರ್ ಹೇಳ್ಯಾರ, ಇದನ್ನ ತೆಗಿಬ್ಯಾಡ್ರಿ ಅಂತ."

"ಇದನ್ನ ಹಾಕ್ಕೊಂಡs ನನ್ನ ಚಿತ್ರಾ ನೋಡಿದ್ರ್ಯಾ?"

"ಮತ್ತ? ಡಾಕ್ಟರ್ ಮಾತು ಮೀರ್ಬೇಕಾ?"

ಒಳಗಿನಿಂದ ಚಾಚಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಏಳು ಸಲ ಕೆಡಿಸಿದ ಚಿತ್ರ, ಏಳು ಸಲ ಕಳೆದುಕೊಂಡ ಹೊತ್ತು! ಲ್ಯಾಪ್‌ಟಾಪು ಮುಚ್ಚಿಕೊಂಡು ತಿರುಗಿ ಬಂದೆ. ಹಿರಿಯರು, ಮೇಲಾಗಿ ಚಹಾದ ಋಣ. ಎರಡು ದಿನ ಬಿಟ್ಟು ಡಾಕ್ಟರು ಆ ಕನ್ನಡಕ ತೆಗೆಸಿದರಂತೆ. ಚಾಚಾ ಹುರುಪಿನಿಂದ ಫೋನು ತೆಗೆದು ಏಳನೆಯ ಚಿತ್ರ ನೋಡಿದರಂತೆ. ಕೂಡಲೇ ಮಾತು ಬಂತು: "ಯಾ ಅಲ್ಲಾ! ಬೇಟಿ, ಬಳಿ ಮಾಡು ಅಂದ್ರ ವೆಲ್ಡಿಂಗ್ ಮಾಡಿಯಲ್ಲಾ!"

ಹಿಂದೆಯೇ ಚಾಚಿಯ ಮಾತೂ ಬಂತು: "ಮತ್ತ ಕರೆ ಚಶ್ಮಾ ಹಾಕ್ಕೊಂಡು ಕುಂತಾರವ್ವಾ. ಈಗ ಚಂದ ಕಾಣ್ತಾವಂತ."

ಟಗರಿನ ಮೂಗು

ಐದು ದಿನ ಉಳಿದಿದ್ದವು. ಮಾಡಗ್ಯಾಳದಿಂದ ಒಂದು ಟೆಂಪೋ ಬಂದು ಅಂಗಡಿಯ ಎದುರು ನಿಂತಿತು. ಅದರಿಂದ ಮೊದಲು ಒಬ್ಬ ಮುದುಕಿ ಇಳಿದಳು, ಆಮೇಲೆ ಅವಳ ಮಗ, ಆಮೇಲೆ ಒಂದು ಟಗರು.

ಮಗನ ಪರಿಚಯ ನನಗಿತ್ತು. ಜಾನುವಾರು ಪ್ರದರ್ಶನದಲ್ಲಿ ದೊಡ್ಡ ಟಿವಿ ಇಟ್ಟು, ಅದರಲ್ಲಿ ತನ್ನ ಟಗರು ಸುತ್ತ ತಿರುಗುವುದನ್ನು ತೋರಿಸಬೇಕೆಂದು ನನ್ನಿಂದ ಚಿತ್ರ ಮಾಡಿಸಿದ್ದ. ಮಾಡಗ್ಯಾಳದ ಕುರಿ ನೋಡಿದವರಿಗೆ ಗೊತ್ತು. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ಜೋಲುಕಿವಿ, ಮೂಗು ಗಿಣಿಯ ಹಾಗೆ ಬಾಗಿದ್ದು. ಆ ಬಾಗಿದ ಮೂಗಿಗೇ ಬೆಲೆ. ನಾನು ಮೂಗಿನ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು ಬಿಟ್ಟು ಚೆನ್ನಾಗಿಯೇ ಮಾಡಿದ್ದೆ. ಈ ಮನುಷ್ಯ "ಹಾಲಿನಂಗ ಬೆಳ್ಳಗ ಆಗ್ಬೇಕ್ರಿ ಅಕ್ಕಾರ" ಎಂದು ಹಟ ಹಿಡಿದ. ಬಿಳಿ ಮೈಯ ಚುಕ್ಕೆಗಳು ಆಗಲೇ ಇನ್ನೂರ ಐವತ್ತರ ಹತ್ತಿರ ಇದ್ದವು. ಬೆಳಕು ಏರಿಸಿದ ಕೂಡಲೇ ಎಲ್ಲವೂ ಇನ್ನೂರ ಐವತ್ತೈದಕ್ಕೆ ಹೋಗಿ ತಲೆ ಬಡಿದುಕೊಂಡು ನಿಂತವು. ನೆರಳು ಹೋಯಿತು, ಮಚ್ಚೆ ಮಾಸಿತು, ಮೂಗು ಮುಖದಲ್ಲೇ ಮುಳುಗಿತು. ಹೀಗಾಗುತ್ತದೆ ಎಂದು ಕೂಗಿ ಹೇಳಿದೆ. ಅವನು "ಬೆಸ್ಟ್ ಆತ್ರಿ" ಎಂದು ಒಯ್ದಿದ್ದ.

ಈಗ ಮುದುಕಿ ಟಗರನ್ನು ಹಗ್ಗ ಹಿಡಿದು ನನ್ನ ಅಂಗಡಿಯೊಳಗೆ ತಂದು, ಕಂಪ್ಯೂಟರಿನ ಪಕ್ಕಕ್ಕೆ ನಿಲ್ಲಿಸಿದಳು. "ನಮ್ಮ ಟಗರಿನ ಫೋಟೋ ತಗಿ" ಎಂದಳು. ಮಗ ಒಯ್ದಿದ್ದ ಚಿತ್ರವನ್ನೇ ಪರದೆಯಲ್ಲಿ ತೆರೆದು ತೋರಿಸಿದೆ. ಒಂದು ಸಲ ಟಗರಿನ ಮುಖ ನೋಡಿದಳು, ಒಂದು ಸಲ ಪರದೆ ನೋಡಿದಳು.

"ಇದರ ಮೂಗ ಯಾರ ಕೊಯ್ದ್ರವ್ವಾ?"

ಮಗ, "ಕಂಪ್ಯೂಟರ್ ತಪ್ಪು ಯವ್ವಾ" ಎಂದ.

ನನಗೆ ನೆತ್ತಿಗೇರಿತು. "ಕಂಪ್ಯೂಟರ್ ತಪ್ಪಾ? ಏರಸ್ರಿ ಏರಸ್ರಿ ಅಂತ ನನ್ನ ತಲಿ ಮ್ಯಾಲೆ ನಿಂತಾಂವ ಯಾರು? ಹೇಳು ನಿಮ್ಮವ್ವನ ಮುಂದ!"

ಅವನು ಟಗರಿನ ಕಿವಿಯಲ್ಲಿ ಉಣ್ಣೆಹುಳ ಹುಡುಕತೊಡಗಿದ. ಮುದುಕಿ ತಲೆಗೆ ಕೈ ಹಚ್ಚಿ ಅಲ್ಲೇ ಕೂತಳು.

"ಇವಂದು ಇದs ಚಾಳಿ ಅವ್ವಾ. ಹೆಣ್ಣಿನ ಮನಿಗೆ ಕಳ್ಸೂ ಫೋಟೋನೂ ಹಿಂಗs ಬೆಳ್ಳಗ ಮಾಡ್ಸಿದ್ದಾ. ಮದಿವಿ ದಿನಾ ಮಂಟಪದಾಗ ಕುಂತಾನ, ಬೀಗರು ಬಂದು ಇವನ್ನs ಕೇಳಿದ್ರು, ವರಾ ಎಲ್ಲೆ ಅದಾನ್ರಿ ಅಂತ!"

ಬಾಯಿಯವರ ವಿಡಿಯೋ ಕಾಲ್

ಟಗರು ಹೋದ ಮೇಲೆ ಅಂಗಡಿ ಬಾಗಿಲು ಎಳೆದುಕೊಂಡು ಕೂತೆ. ಅಂಗಡಿಯಲ್ಲಿ ಟಗರಿನ ವಾಸನೆ, ತಲೆಯಲ್ಲಿ ಸಿಟ್ಟು. ಕಂಬಳಿಯ ಚಿತ್ರ ತೆರೆದು, ಎದುರಿಗೆ ಇಟ್ಟಿದ್ದ ದೀಪಗಳನ್ನೆಲ್ಲ ಒಂದೊಂದಾಗಿ ಕಿತ್ತು ಒಗೆದೆ. ಟಗರಿನ ಮೂಗು ಮುಳುಗಿದ್ದು ಬೆಳಕು ಏರಿಸಿ ನೆರಳು ಅಳಿಸಿದ್ದಕ್ಕೆ ತಾನೆ? ಒಂದೇ ಒಂದು ದೀಪ ಉಳಿಸಿ, ಅದನ್ನು ಮಂಚದ ಪಕ್ಕಕ್ಕೆ, ಕಂಬಳಿಯ ಮಟ್ಟಕ್ಕೆ ಇಳಿಸಿಟ್ಟೆ. ಬೆಳಕು ಕಂಬಳಿಯ ಮೇಲೆ ಅಡ್ಡಡ್ಡ ಹಾಯಿತು. ಮೇಲೆದ್ದ ಒಂದೊಂದು ಉಣ್ಣೆಯ ಕೂದಲಿಗೂ ತುದಿಯಲ್ಲಿ ಚೂರು ಬೆಳಕು, ಹಿಂದೆ ಚೂರು ನೆರಳು. ಕಪ್ಪು ಕಪ್ಪಾಗಿಯೇ ಉಳಿಯಿತು, ಎಳೆ ಎಳೆಯಾಗಿ ಕಂಡಿತು. ಹದಿಮೂರು ದಿನ ಬೆಳಕು ಏರಿಸುತ್ತಲೇ ಇದ್ದೆನಲ್ಲ, ನನ್ನ ಕೈಗೆ ಬೆಂಕಿ ಬೀಳಲಿ! ಬೇಕಾಗಿದ್ದದ್ದು ಇಳಿಸುವುದು.

ಮರುದಿನ ಕಾಕಾ ಬಂದು ನೋಡಿದ. ಪರದೆಯ ಮೇಲೆ ಅಂಗೈ ಸವರಿದ.

"ಹಾಂ" ಎಂದ. "ಈಗ ಚುಚ್ಚತೈತಿ."

ಇದಕ್ಕಿಂತ ದೊಡ್ಡ ಮಾತನ್ನು ನನ್ನ ಕೆಲಸಕ್ಕೆ ಯಾರೂ ಹೇಳಿಲ್ಲ. ಕಣ್ಣಲ್ಲಿ ನೀರು ಬಂತು, ಸೆರಗಿಗೆ ಒರೆಸಿಕೊಂಡೆ.

ಚಿತ್ರ ಕಳಿಸಿದೆ. ಬಾಯಿಯವರಿಂದ ಮೂರು ದಿನ ಉತ್ತರವಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಫೋನು: ಈಗಲೇ ವಿಡಿಯೋ ಕಾಲ್ ಮಾಡುತ್ತೇನೆ, ನಿಜವಾದ ಕಂಬಳಿಯನ್ನೂ ಪಕ್ಕದಲ್ಲಿ ತೋರಿಸಿ, ಇವತ್ತು ಹೂಂ ಅಥವಾ ಉಹೂಂ ಹೇಳಿಬಿಡುತ್ತೇನೆ. ಕಾಕಾ ಅಂಗಡಿಯಲ್ಲೇ ಇದ್ದ. ಸಾಂಗಲಿಯ ಅಳಿಯನೂ ಬೆಳಗಿನಿಂದ ಅವನಿಗೆ ಫೋನು ಹಚ್ಚುತ್ತಿದ್ದ. ನಾನು ಕಾಕಾನನ್ನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಕಂಬಳಿ ಹೊದಿಸಿ, ಕ್ಯಾಮೆರಾ ತಿರುಗಿಸಿದೆ. ಪರದೆಯ ಎಡಕ್ಕೆ ನನ್ನ ಚಿತ್ರ, ಬಲಕ್ಕೆ ಕಾಕಾ.

"ಕಾಕಾ, ಅಲ್ಲಾಡಬ್ಯಾಡ. ನಡುವ ಬಾಯಿ ಹಾಕಬ್ಯಾಡ" ಅಂದೆ.

ಇಲ್ಲೇ ನಾನು ತಪ್ಪಿದ್ದು. ನಮ್ಮ ಮನೆಯ ಹಿರಿಯರಿಗೆ ಕ್ಯಾಮೆರಾ ಅಂದರೆ ಏನು ಎನ್ನುವುದನ್ನು ಮರೆತುಬಿಟ್ಟಿದ್ದೆ. ಎದೆ ಸೆಟೆಸಿ, ಮೊಣಕಾಲ ಮೇಲೆ ಎರಡೂ ಕೈ ಊರಿ, ರೆಪ್ಪೆ ಬಡಿಯದೆ, ಉಸಿರು ಹಿಡಿದು ಕೂರುವುದು. ನಮ್ಮ ಮನೆಯ ಹಳೆಯ ಫೋಟೋಗಳಲ್ಲಿ ಕಣ್ಣು ಬಿಟ್ಟುಕೊಂಡು ಜಗಳಕ್ಕೆ ನಿಂತವರಂತೆ ಕಾಣದವರು ಒಬ್ಬರೂ ಇಲ್ಲ. ಕಾಕಾ ಅದೇ ಭಂಗಿಯಲ್ಲಿ ಕಲ್ಲಾದ. ವಿಡಿಯೋ ಅಂದರೆ ಫೋಟೋ ಅಲ್ಲ ಎಂದು ಅವನಿಗೆ ಹೇಳುವವರಾರು? ಫೋಟೋ ಕ್ಲಿಕ್ ಅನ್ನುವುದನ್ನು ಅವನು ಕಾಯುತ್ತಿದ್ದ. ನಾನು ಪುಣೆಯ ಮುಖ ನೋಡುತ್ತಿದ್ದೆ.

ಬಾಯಿಯವರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದರು. "ಎಡಗಡೆಯದು ಒಪ್ಪಿಗೆ" ಎಂದರು. "ಬಲಗಡೆಯದರಲ್ಲೂ ಕಂಬಳಿ ಸುಂದರವಾಗಿದೆ. ಬಿದ್ದ ಮಡಿಕೆಗಳಂತೂ ಅದ್ಭುತ. ಆದರೆ ಆ ಮುದುಕನ ಮಾಡೆಲ್ ಸರಿಯಾಗಿಲ್ಲ."

ನನಗೆ ತಿಳಿಯಲಿಲ್ಲ. "ಯಾವ ಮಾಡೆಲ್?"

"ಅದೇ, ಕಂಬಳಿ ಹೊದಿಸಲು ಮಾಡಿದ್ದೀರಲ್ಲ. ನಿಜವಾದದ್ದು ತೋರಿಸಿ ಎಂದರೆ ಇನ್ನೊಂದು ಚಿತ್ರವನ್ನೇ ಮಾಡಿದ್ದೀರಿ, ಆದರೂ ಶ್ರಮ ಪಟ್ಟಿದ್ದೀರಿ. ಮುಖದ ಚರ್ಮ ಬಹಳ ಒರಟಾಗಿದೆ. ಸುಕ್ಕು ಕಡಿಮೆ ಮಾಡಿ. ಮೀಸೆ ತಂತಿಯ ಹಾಗಿದೆ. ಮತ್ತೆ ಮುಖಕ್ಕೆ ಇನ್ನೊಂದಿಷ್ಟು ಬೆಳಕು ಏರಿಸಿ."

ಹದಿನೇಳು ದಿನದ ಸಿಟ್ಟೆಲ್ಲ ಒಟ್ಟಿಗೆ ಉಕ್ಕಿ ಬಂತು. ನನ್ನ ಕಾಕಾನ ಮುಖಕ್ಕೆ ಬೆಳಕು ಏರಿಸಬೇಕೇ! ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾನ ಕಣ್ಣುಗಳು ಮೆಲ್ಲಗೆ ಪರದೆಯ ಕಡೆ ಹೊರಳಿದವು. ಮರಾಠಿ ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ.

"ಅರೇ ವಾ!" ಬಾಯಿಯವರು ಕುರ್ಚಿಯಿಂದ ಮುಂದೆ ಜರುಗಿದರು. "ಕಣ್ಣು ತಿರುಗಿಸಿದ್ದೀರಾ? ಎಷ್ಟು ಸಹಜವಾಗಿದೆ! ಮುಖದಲ್ಲಿ ಸಿಟ್ಟು ಸಹ ಬರುತ್ತಿದೆ ನೋಡಿ. ಆ ಸಿಟ್ಟು ಮಾತ್ರ ತೆಗೆದುಬಿಡಿ, ಗಿರಾಕಿಗಳು ಹೆದರುತ್ತಾರೆ."

ಕಾಕಾ ಎದ್ದು ನಿಂತ. ಸಿಟ್ಟು ಬಂದರೆ ನಮ್ಮವರ ಬಾಯಲ್ಲಿ ಮರಾಠಿ ನಿಲ್ಲುವುದಿಲ್ಲ, ಕನ್ನಡವೇ.

"ಏನ್ರಿ ಬಾಯಾರ! ಅರವತ್ತ ವರ್ಷ ಬಿಸಿಲಾಗ ಕಾಸಿದ ಮಾರಿ ಐತಿ ಇದು! ಇದಕ್ಕ ಬೆಳಕ ಏರ್ಸಾಂವ ಇನ್ನಾ ಹುಟ್ಟಬೇಕು! ಮೀಸಿಗೆ ಕೈ ಹಚ್ಚಿ ನೋಡ್ರಿ, ನೋಡೂಣು!"

ಪುಣೆಯಲ್ಲಿ ಒಂದು ಚೀರಾಟ ಕೇಳಿಸಿತು, ಏನೋ ಬಿದ್ದು ಒಡೆಯಿತು, ಕಾಲ್ ಕಟ್ಟಾಯಿತು.

ಆಯಿತು, ಎಲ್ಲ ಮುಗಿಯಿತು ಅಂದುಕೊಂಡೆ. ಕಾಕಾ ನನ್ನ ಮೇಲೆ ಹರಿಹಾಯ್ದ: "ಉಸರ ಹಿಡ್ದು ಹಿಡ್ದು ಜೀವ ಹೋಗೂದಿತ್ತು! ಫೋಟೋ ತಗ್ಯಾಕ ಇಷ್ಟೊತ್ತ ಯಾರ ತಗೋತಾರ?" ನಾನೂ ಬಿಡಲಿಲ್ಲ: "ಉಸರ ಹಿಡಿ ಅಂತ ಯಾರ ಹೇಳಿದ್ರು ನಿನಗ? ಬಾಯಿ ಹಾಕಬ್ಯಾಡ ಅಂದ್ರ ಬೈಗುಳಾನs ಹಾಕಿದಿ!" ಇಬ್ಬರೂ ಕೂಗಾಡುತ್ತ ನಿಂತಿದ್ದಾಗ ಗೋಡೆಯಾಚೆಯಿಂದ ಎರಡು ಕಪ್ಪು ಚಹಾ ಬಂತು. ಅದರ ಹಿಂದೆಯೇ ಬಾಯಿಯವರ ಫೋನೂ ಬಂತು.

ಕಾಕಾನ ಕ್ಷಮೆ ಕೇಳಿದರು, ಒಂದಲ್ಲ, ನಾಲ್ಕು ಸಲ. "ಅವರು ಎದ್ದು ನಿಂತಾಗ ಕಂಬಳಿಯ ಮೇಲೆ ಕಿಟಕಿಯ ಬೆಳಕು ಸರಿಯಿತಲ್ಲ, ಥೇಟು ನಿಮ್ಮ ಚಿತ್ರದ ಹಾಗೇ ಇತ್ತು. ಚಿತ್ರ ಸುಳ್ಳಲ್ಲ ಎಂದು ಆಗ ನಂಬಿಕೆ ಬಂತು. ಮೂವರ ಕಂಬಳಿಗಳನ್ನೂ ಕಳಿಸಿ, ವರ್ಷ ಪೂರ್ತಿ." ನಾನು ಕಾಕಾನಿಗೆ ಹೇಳಿದೆ. ಅವನು ತನ್ನ ಫೋನು ತೆಗೆದು ಅಳಿಯನಿಗೆ ಹಚ್ಚಿ, "ಬರೂದಿಲ್ಲ. ನಿನ್ನ ಥಂಡಿ ಗೋದಾಮಾ ನೀನs ಕಾಯಿ" ಎಂದು ಇಟ್ಟುಬಿಟ್ಟ.

ಬಾಯಿಯವರು ಇನ್ನೂ ಫೋನು ಇಟ್ಟಿರಲಿಲ್ಲ. ಏನೋ ಹೇಳಲು ಹಿಂದೆ ಮುಂದೆ ನೋಡುತ್ತಿದ್ದರು.

"ಒಂದು ಮಾತು ಕೇಳಲೇ, ತಪ್ಪು ತಿಳಿಯಬೇಡಿ. ಈಗ ನನ್ನ ತಲೆ ಕೆಟ್ಟುಹೋಗಿದೆ. ಹದಿನೈದು ದಿನದಿಂದ ಫೋನಿನಲ್ಲಿ ಮಾತಾಡುತ್ತಿದ್ದೇನೆ, ನಿಮ್ಮ ಮುಖ ಒಮ್ಮೆಯೂ ನೋಡಿಲ್ಲ. ನೀವಾದರೂ ನಿಜವಾದ ಮನುಷ್ಯರೇ, ಅಥವಾ ನೀವೂ ಕಂಪ್ಯೂಟರಿನಲ್ಲಿ ಮಾಡಿದ್ದೇ?"

ಹನ್ನೊಂದು ವರ್ಷದಲ್ಲಿ ನನಗೆ ಏನೇನೋ ಅಂದಿದ್ದಾರೆ, ಇದನ್ನು ಮಾತ್ರ ಯಾರೂ ಅಂದಿರಲಿಲ್ಲ. ನಾನು ಶುರು ಮಾಡಿದೆ. ಮಂಚದ ತೂತಿನಿಂದ ಹಿಡಿದು, ಸುಕ್ಕು, ಮೀಸೆ, ಬೆಳಕು, ಒಂದನ್ನೂ ಬಿಡದೆ, ಉಸಿರು ತೆಗೆದುಕೊಳ್ಳದೆ, ಮರಾಠಿ ಮುಗಿದು ಕನ್ನಡ ಬಂದು, ಕನ್ನಡ ಮುಗಿದು ಮತ್ತೆ ಮರಾಠಿ ಬಂದು. ಕಾಕಾ ನನ್ನ ಕೈಯಿಂದ ಫೋನು ಕಸಿದುಕೊಂಡು, ಬಹಳ ಸಮಾಧಾನದ ದನಿಯಲ್ಲಿ, ಮರಾಠಿಯಲ್ಲೇ, ಬಾಯಿಯವರಿಗೆ ಹೇಳಿದ:

"ಈಕಿ ಖರೇನ ಅದಾಳ್ರಿ ಬಾಯಾರ, ಕಾಳಜಿ ಮಾಡಬ್ಯಾಡ್ರಿ. ಇಷ್ಟು ಸಿಟ್ಟು ಮಷೀನಿಗೆ ಎಲ್ಲಿಂದ ಬರಬೇಕು?"